ಝಾನ್ ವುವಾರ್ನೆ: ಬದುಕು, ಮನೆತನ, ಹೆಸರು – ಪದೇ ಪದೇ ಕೇಳುವ ಪ್ರಶ್ನೆಗಳು

ವುವಾರ್ನೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕೂಲಿಂಗ್ ಗ್ಲಾಸ್. ಆ ಹೆಸರನ್ನು ಕನ್ನಡಕಕ್ಕೆ ಕೊಟ್ಟದ್ದು ಸ್ಕೀಯಲ್ಲಿ (ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ) ಒಲಿಂಪಿಕ್ ಚಿನ್ನ ಗೆದ್ದ ಫ್ರಾನ್ಸ್‌ನ ಝಾನ್ ವುವಾರ್ನೆ; ಆ ಮನುಷ್ಯ ಯಾರು ಎಂದು ಕೇಳುವವರು ಕಡಿಮೆ. ಕೇಳಿದವರಲ್ಲಿಯೂ ಕೆಲವರು, ಒಂದು ಪಂಥದ ಸುಳಿಯಲ್ಲಿ ಅವರ ಹೆಂಡತಿ ಮತ್ತು ಮಗ ಸತ್ತ 1995ರ ದುರಂತದ ಬಗ್ಗೆ ಮಾತ್ರ ಓದಿ, ಅದನ್ನೊಂದು ರೋಚಕ ಕಥೆ ಎಂದುಕೊಂಡು ಮುಂದೆ ಹೋಗುತ್ತಾರೆ. ಈ ಎರಡರ ನಡುವೆ ಒಂದು ದೊಡ್ಡ ಬದುಕು ಮರೆಯಾಗಿದೆ. ಈ ಪುಟ ಆ ಬದುಕಿನ ಕುರಿತದ್ದು.

ಹೆಸರನ್ನು ಉಚ್ಚರಿಸುವುದು ಹೇಗೆ?

ಕೊನೆಯ ‘ಟ್’ ಮೂಕ. ‘ವುವಾರ್ನೆ’ ಎಂದರೆ ಫ್ರೆಂಚ್ ಉಚ್ಚಾರಕ್ಕೆ ಹತ್ತಿರವಾಗುತ್ತದೆ. ‘ವು’ ಮತ್ತು ‘ವಾ’ಗಳನ್ನು ಬಿಡಿಸಿ ಹೇಳದೆ ಒಂದೇ ಉಸಿರಿನಲ್ಲಿ ಕೂಡಿಸಬೇಕು. ಮೊದಲ ಹೆಸರನ್ನು ನಮ್ಮ ಪತ್ರಿಕೆಗಳು ‘ಜೀನ್’ ಎಂದು ಬರೆಯುವುದುಂಟು. ಫ್ರೆಂಚರ ಬಾಯಲ್ಲಿ ಅದು ‘ಝಾನ್’, ಕೊನೆಯಲ್ಲಿ ಮೂಗಿನ ದನಿ.

ಅವರು ಎಲ್ಲಿಯವರು?

ಹುಟ್ಟಿದ್ದು ಹಿಮವೇ ಬೀಳದ ಊರಿನಲ್ಲಿ. 1933ರ ಜನವರಿ 18ರಂದು, ಆಗ ಫ್ರೆಂಚರ ಆಡಳಿತದಲ್ಲಿದ್ದ ಟ್ಯುನೀಷಿಯಾದ ಟ್ಯೂನಿಸ್ ಬಳಿಯ ಬಾರ್ದೋದಲ್ಲಿ ಅವರ ಜನನ. ಬೆಳೆದದ್ದು ಆಲ್ಪ್ಸ್ ಪರ್ವತದ ಮಡಿಲಲ್ಲಿರುವ ಮೋರ್ಝಿನ್ ಎಂಬ ಊರಿನಲ್ಲಿ. ಫ್ರಾನ್ಸ್‌ನ ಓಟ್ ಸವ್ವಾ ಜಿಲ್ಲೆಗೆ ಸೇರಿದ ಮೋರ್ಝಿನ್‌ನಿಂದ ಗುಡ್ಡ ದಾಟಿದರೆ ಸ್ವಿಟ್ಜರ್ಲೆಂಡ್. ಅಲ್ಲಿಯ ಮಕ್ಕಳು ಸ್ಕೀ ಕಲಿಯುವುದು ನಮ್ಮ ಹೊಳೆಯಂಚಿನ ಮಕ್ಕಳು ಈಜು ಕಲಿತ ಹಾಗೆ. ಯಾರು ಕಲಿಸಿದರು ಎಂದು ಕೇಳಿದರೆ ಹೇಳಲಾರರು.

ಮುಂದೆ ಕಾನೂನು ಓದಲು ಅವರು ಗ್ರೆನೋಬಲ್ ನಗರಕ್ಕೆ ಹೋದರು. ಕಾನೂನು ಅವರ ಕೈಹಿಡಿಯಲಿಲ್ಲ. ಆದರೆ ಅಲ್ಲಿಯ ವಿಶ್ವವಿದ್ಯಾಲಯದ ಕ್ರೀಡಾ ಕ್ಲಬ್ಬಿನಲ್ಲಿ ಜಾರ್ಜ್ ಝುಬೇರ್ ಎಂಬ ತರಬೇತುದಾರರು ಸಿಕ್ಕರು. ವುವಾರ್ನೆ ಬದುಕಿನ ತಿರುವು ಒಲಿಂಪಿಕ್ಸ್ ಎಂದು ಎಲ್ಲರೂ ಬರೆಯುತ್ತಾರೆ. ಆ ತಿರುವು ಬಂದದ್ದು ಗ್ರೆನೋಬಲ್‌ನಲ್ಲಿ, ಝುಬೇರ್ ಸಿಕ್ಕ ದಿನ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಡೌನ್‌ಹಿಲ್ ಎಂದರೆ ಯಾವ ಸ್ಪರ್ಧೆ?

ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಹಲವು ಬಗೆಗಳಿವೆ. ಸ್ಲಾಲಮ್‌ನಲ್ಲಿ ಒತ್ತೊತ್ತಾಗಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಹೊರಳುತ್ತ ಇಳಿಯಬೇಕು. ಜೈಂಟ್ ಸ್ಲಾಲಮ್‌ನಲ್ಲಿ ಕಂಬಗಳು ಇನ್ನಷ್ಟು ದೂರ ದೂರ. ಡೌನ್‌ಹಿಲ್‌ನಲ್ಲಿ ತಿರುವುಗಳು ಕಡಿಮೆ, ವೇಗವೇ ಮುಖ್ಯ. ಸ್ಪರ್ಧಿಗಳು ಒಬ್ಬರಾದ ಮೇಲೊಬ್ಬರು ಬೆಟ್ಟದ ನೆತ್ತಿಯಿಂದ ಹೊರಡುತ್ತಾರೆ. ಎಲ್ಲರಿಗೂ ಒಂದೇ ಒಂದು ಅವಕಾಶ. ಸೆಕೆಂಡಿನ ಸಣ್ಣ ತುಣುಕು ಸಾಕು, ಪದಕ ಕೈಬಿಟ್ಟು ಹೋಗಲು.

1960ರ ಗೆಲುವಿನಲ್ಲಿ ಅಂಥ ವಿಶೇಷವೇನು?

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿಯಲ್ಲಿ 1960ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. (2021ರಿಂದ ಆ ಸ್ಕೀ ತಾಣದ ಹೆಸರು ಪಾಲಿಸೇಡ್ಸ್ ಟಾಹೋ.) ಡೌನ್‌ಹಿಲ್‌ನಲ್ಲಿ ವುವಾರ್ನೆ 2 ನಿಮಿಷ 6.0 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಜರ್ಮನಿಯ ಹಾನ್ಸ್ ಪೀಟರ್ ಲಾನಿಗ್ ಅರ್ಧ ಸೆಕೆಂಡು ಹಿಂದೆ ಬಿದ್ದರು. ಮೂರನೆಯವರು ಫ್ರಾನ್ಸ್‌ನವರೇ ಆದ ಗಿ ಪೆರಿಯಾ.

ಎರಡು ವರ್ಷದ ಹಿಂದೆ, 1958ರಲ್ಲಿ ಆಸ್ಟ್ರಿಯಾದ ಬಾಡ್‌ಗಾಸ್ಟೈನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಡೌನ್‌ಹಿಲ್‌ನಲ್ಲಿ ಅವರಿಗೆ ಕಂಚು ಸಿಕ್ಕಿತ್ತು. ಆದ್ದರಿಂದ ಚಿನ್ನ ಆಕಾಶದಿಂದ ಉದುರಿದ್ದೇನೂ ಅಲ್ಲ. ಆದರೆ ಗೆದ್ದ ಬಗೆ ಹೊಸದಾಗಿತ್ತು. ಅವರ ಕಾಲಿನಲ್ಲಿದ್ದುದು ಲೋಹದ ಸ್ಕೀ, ಮೈ ಇದ್ದುದು ಮೊಟ್ಟೆಯ ಆಕಾರದಲ್ಲಿ. ಅಲ್ಲಿಯವರೆಗೆ ಒಲಿಂಪಿಕ್ ಚಿನ್ನಗಳೆಲ್ಲ ಮರದ ಸ್ಕೀಗಳ ಮೇಲೆ ಬಂದಿದ್ದವು. ಲೋಹದ ಸ್ಕೀ ಕಟ್ಟಿಕೊಂಡು ಆ ಚಿನ್ನ ಗೆದ್ದವರಲ್ಲಿ ವುವಾರ್ನೆ ಮೊದಲಿಗರು.

ಲೋಹದ ಸ್ಕೀಯಿಂದ ಏನು ಲಾಭ?

ಮರ ಒದ್ದೆಯಾಗುತ್ತದೆ, ಬಾಗುತ್ತದೆ, ವೇಗ ಹೆಚ್ಚಿದಂತೆ ತಿರುಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆಗಳನ್ನು ಸೇರಿಸಿ ಮಾಡಿದ ಸ್ಕೀ ಅಷ್ಟು ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಲೋಹದ ಸ್ಕೀಗಳು ಆಗಲೇ ಮಾರುಕಟ್ಟೆಯಲ್ಲಿದ್ದವು. ಆದರೆ ಅತಿ ವೇಗದಲ್ಲಿ ಅವು ನಡುಗುತ್ತವೆ ಎಂದು ಸ್ಪರ್ಧಿಗಳು ದೂರವಿಟ್ಟಿದ್ದರು. ಫ್ರಾನ್ಸ್‌ನ ರೊಸಿನ್ಯೋಲ್ ಕಂಪನಿ ಸ್ಪರ್ಧೆಗೆ ಒಗ್ಗುವ ಲೋಹದ ಸ್ಕೀ ತಯಾರಿಸಿ, ಅದಕ್ಕೆ ‘ಅಲೆ 60’ ಎಂದು ಹೆಸರಿಟ್ಟಿತು.

ಆ ಹೆಸರು ಎಮಿಲ್ ಅಲೆ ಅವರದ್ದು. 1937ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರು ಚಿನ್ನ ಗೆದ್ದ, ಫ್ರೆಂಚ್ ಸ್ಕೀಯಿಂಗ್‌ನ ಹಿರಿಯಣ್ಣ ಅವರು. ಸ್ಕ್ವಾ ವ್ಯಾಲಿ ಸ್ಕೀ ತಾಣವಾಗಿ ಶುರುವಾದಾಗ ಅಲ್ಲಿಯ ಸ್ಕೀ ಶಾಲೆಗೆ ಮೊದಲ ಮುಖ್ಯಸ್ಥರಾಗಿದ್ದವರೂ ಇದೇ ಅಲೆ. ಅವರು ಪಾಠ ಹೇಳಿದ ಬೆಟ್ಟದಲ್ಲೇ, ಅವರ ಹೆಸರಿನ ಸ್ಕೀ ಕಟ್ಟಿಕೊಂಡು, ಅವರ ದೇಶದ ಹುಡುಗ ಗೆದ್ದ.

‘ಮೊಟ್ಟೆ’ ಭಂಗಿ ಎಂದರೇನು? ಅದನ್ನು ಕಂಡುಹಿಡಿದವರು ನಿಜವಾಗಿಯೂ ವುವಾರ್ನೆಯವರೇ?

ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ತಲೆ ಬಗ್ಗಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಕೀ ಮಾಡುವವರೂ ಹಿಂದಿನಿಂದಲೂ ನೇರ ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ಬಗ್ಗುತ್ತಿದ್ದರು. ಆದ್ದರಿಂದ ‘ಮೊದಲು ಬಗ್ಗಿದವರು ಯಾರು’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ವುವಾರ್ನೆ ಮತ್ತು ಝುಬೇರ್ ಮಾಡಿದ್ದು ಬೇರೆ ಕೆಲಸ. ಹೇಗೆ ಬಗ್ಗಬೇಕು, ಎಷ್ಟು ಹೊತ್ತು ಹಾಗೇ ಇರಬಹುದು, ಅದರಿಂದ ಎಷ್ಟು ಸಮಯ ಉಳಿಯುತ್ತದೆ ಎಂಬುದನ್ನು ಅವರು ಅಳೆದು ನೋಡಿದರು.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನಿಧಾನವಾಗಿ ಇಳಿಯುವವನಿಗೆ ಗಾಳಿ ಲೆಕ್ಕಕ್ಕಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಇಳಿಯುವವನಿಗೆ ಹಿಮಕ್ಕಿಂತ ದೊಡ್ಡ ಅಡ್ಡಿ ಗಾಳಿಯದೇ. ಹಾಗಾದರೆ ಗಾಳಿಗೆ ಎದುರಾಗುವ ಮೈಯ ವಿಸ್ತಾರವನ್ನು ಕುಗ್ಗಿಸಬೇಕು. ಮಂಡಿ ಮಡಚಿ, ಎದೆಯನ್ನು ತೊಡೆಗಳ ಹತ್ತಿರ ತಂದು, ಬೆನ್ನನ್ನು ಇಳಿಜಾರಿಗೆ ಸಮಾನಾಂತರವಾಗಿ ಚಪ್ಪಟೆ ಮಾಡಿ, ಕೈಗಳನ್ನು ಮುಖದ ಮುಂದೆ ಚಾಚಿದರೆ ಮನುಷ್ಯ ದೂರದಿಂದ ಮೊಟ್ಟೆಯ ಹಾಗೆ ಕಾಣುತ್ತಾನೆ. ಫ್ರೆಂಚರು ಇದನ್ನು ‘ಮೊಟ್ಟೆ’ ಎಂದೇ ಕರೆದರು.

ಹೇಳುವುದು ಸುಲಭ. ಆ ಭಂಗಿಯಲ್ಲಿ ಎರಡು ನಿಮಿಷ ಇದ್ದು ನೋಡಿದರೆ ತೊಡೆಗಳು ಉರಿಯತೊಡಗುತ್ತವೆ. ನೆಲದ ಉಬ್ಬುತಗ್ಗುಗಳ ಏಟನ್ನೆಲ್ಲ ಕಾಲುಗಳೇ ನುಂಗಬೇಕು. ತೋಳನ್ನು ಒಂದು ಕ್ಷಣ ಅಗಲಿಸಿದರೂ ಗಾಳಿ ಹಿಡಿದುಕೊಳ್ಳುತ್ತದೆ. ಉಳಿದವರು ಸಮತೋಲಕ್ಕಾಗಿ ಎದ್ದು ನಿಲ್ಲುವ ಜಾಗದಲ್ಲೂ ವುವಾರ್ನೆ ಮೈ ಕುಗ್ಗಿಸಿಕೊಂಡೇ ಇರಲು ಅಭ್ಯಾಸ ಮಾಡಿದ್ದರು. ಸ್ಕ್ವಾ ವ್ಯಾಲಿಯ ಆ ಅರ್ಧ ಸೆಕೆಂಡು ಬಂದದ್ದು ಈ ಹಟದಿಂದ.

ಝುಬೇರ್ ಸ್ವತಃ ಚಾಂಪಿಯನ್ ಆಗಿರಲಿಲ್ಲ, ಮೇಷ್ಟ್ರು. ಒಳ್ಳೆಯ ಸ್ಪರ್ಧಿಗಳು ಇಳಿಯುವುದನ್ನು ಸಾಲು ಸಾಲು ಫೋಟೋ ತೆಗೆದು, ಒಂದೊಂದು ಚಿತ್ರವನ್ನೂ ನಿಧಾನವಾಗಿ ಓದುವುದು ಅವರ ಪದ್ಧತಿ. ಚಾಂಪಿಯನ್ನರು ತಾವು ಹೀಗೆ ಮಾಡುತ್ತೇವೆ ಎಂದು ಹೇಳುವುದಕ್ಕೂ ಅವರ ಮೈ ನಿಜವಾಗಿ ಮಾಡುವುದಕ್ಕೂ ವ್ಯತ್ಯಾಸವಿರುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಮೇಷ್ಟ್ರು, ಶಿಷ್ಯ ಸೇರಿ ಸ್ಕೀ ತಂತ್ರದ ಬಗ್ಗೆ ಹಲವು ಪುಸ್ತಕ ಬರೆದರು. ಅವು ಬೇರೆ ಭಾಷೆಗಳಿಗೂ ಹೋದವು. ಗೆದ್ದ ಗುಟ್ಟನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬಹುದಿತ್ತು. ಅವರು ಹಂಚಿದರು. ವುವಾರ್ನೆ ಬಗ್ಗೆ ನನಗಿರುವ ಗೌರವದ ಬಹುಪಾಲು ಈ ಒಂದು ಕಾರಣಕ್ಕೆ.

ಕನ್ನಡಕದ ಕಂಪನಿ ಅವರೇ ಕಟ್ಟಿದ್ದೇ?

ಅಲ್ಲ. ಪ್ಯಾರಿಸ್‌ನಲ್ಲಿ ರೋಝೆ ಪುಯ್ಯೂ ಎಂಬ ಕನ್ನಡಕ ತಜ್ಞರಿದ್ದರು. 1957ರಲ್ಲಿ ಅವರು ‘ಸ್ಕೀಲಿಂಕ್ಸ್’ ಎಂಬ ಗಾಜನ್ನು ತಂದರು. ಲಿಂಕ್ಸ್ ಎಂಬುದು ಚುರುಕು ಕಣ್ಣಿಗೆ ಹೆಸರಾದ ಕಾಡುಬೆಕ್ಕು. ಹಿಮದ ಮೇಲೆ ಬಿಸಿಲು ಬಿದ್ದಾಗ ಎಲ್ಲವೂ ಒಂದೇ ಬಿಳಿ. ಉಬ್ಬು ಯಾವುದು, ಹಳ್ಳ ಯಾವುದು ತಿಳಿಯುವುದಿಲ್ಲ. ಕಣ್ಣು ಕೋರೈಸದ ಹಾಗೆ ಬೆಳಕನ್ನು ತಡೆದು, ಉಬ್ಬುತಗ್ಗುಗಳ ನೆರಳನ್ನು ಎದ್ದುಕಾಣುವಂತೆ ಮಾಡುವುದು ಆ ಗಾಜಿನ ಕೆಲಸ. ಒಲಿಂಪಿಕ್ ಗೆಲುವಿನ ನಂತರ ಪುಯ್ಯೂ ಅವರ ಗಾಜು ಮತ್ತು ಚಾಂಪಿಯನ್ನರ ಹೆಸರು ಒಪ್ಪಂದದ ಮೂಲಕ ಒಂದಾದವು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಆ ಹೆಸರು ಅಮೆರಿಕದ ಕಡಲತೀರಗಳಲ್ಲೂ ಮನೆಮಾತಾಗಿತ್ತು.

ಮುಂದೆ ಕಂಪನಿ ಕೈಯಿಂದ ಕೈಗೆ ಹೋಯಿತು. 2023ರಲ್ಲಿ ಐಷಾರಾಮಿ ವಸ್ತುಗಳ ಎಲ್‌ವಿಎಂಎಚ್ ಸಮೂಹದ ಕನ್ನಡಕ ಕಂಪನಿ ಥೆಲಿಯೋಸ್ ಅದನ್ನು ಕೊಂಡುಕೊಂಡಿತು. ಪ್ಲಾಸ್ಟಿಕ್ ಎಲ್ಲೆಡೆ ತುಂಬಿರುವ ಕಾಲದಲ್ಲೂ ಈ ಹೆಸರಿಗೆ ಗಾಜಿನ ನಂಟು ಬಿಟ್ಟಿಲ್ಲ.

ಸ್ಪರ್ಧೆ ಬಿಟ್ಟ ಮೇಲೆ ಏನು ಮಾಡಿದರು?

ಊರು ಕಟ್ಟಿದರು. ಇದು ಉತ್ಪ್ರೇಕ್ಷೆಯಲ್ಲ.

ಮೋರ್ಝಿನ್ ಕಣಿವೆಯಲ್ಲಿದೆ. ಅದರ ಮೇಲೆ, ಸುಮಾರು 1,800 ಮೀಟರ್ ಎತ್ತರದಲ್ಲಿ, ಬೇಸಿಗೆಯಲ್ಲಿ ದನ ಮೇಯಿಸುವ ಹುಲ್ಲುಗಾವಲು ಇತ್ತು. ಹೆಸರು ಅವೋರಿಯಾ. (ಬರೆಯುವಾಗ ಕೊನೆಯಲ್ಲಿ ಇನ್ನೊಂದು ಅಕ್ಷರವಿದೆ, ಊರಿನವರು ಅದನ್ನು ಉಚ್ಚರಿಸುವುದಿಲ್ಲ.) ಒಲಿಂಪಿಕ್ಸ್ ಮುಗಿಸಿ ಬಂದ ವುವಾರ್ನೆ, ಅಲ್ಲಿ ಹೊಸದೊಂದು ಸ್ಕೀ ಊರನ್ನೇ ಎಬ್ಬಿಸಬಹುದು ಎಂದರು. ಝೆರಾರ್ ಬ್ರೆಮೋಂ ಎಂಬ ಯುವ ಉದ್ಯಮಿ ಕೈಜೋಡಿಸಿದರು. ಝಾಕ್ ಲಾಬ್ರೋ ಮತ್ತು ಜೊತೆಗಾರರಾದ ಯುವ ವಾಸ್ತುಶಿಲ್ಪಿಗಳು ನಕ್ಷೆ ಬರೆದರು. 1966ರ ಚಳಿಗಾಲದಲ್ಲಿ ಊರು ಬಾಗಿಲು ತೆರೆಯಿತು.

ಅವೋರಿಯಾವನ್ನು ನೋಡಿದರೆ ಮೊದಲು ಕಟ್ಟಡ ಯಾವುದು, ಬಂಡೆ ಯಾವುದು ಎಂಬ ಗೊಂದಲವಾಗುತ್ತದೆ. ಹಿಂದಿನ ಬೆಟ್ಟದ ಓರೆಕೋರೆಗಳನ್ನೇ ಅನುಕರಿಸುವ ಗೋಡೆಗಳು, ಅವುಗಳ ಮೇಲೆ ಮೀನಿನ ಹುರುಪೆಯಂತೆ ಜೋಡಿಸಿದ ಮರದ ಬಿಲ್ಲೆಗಳು. ಅದಕ್ಕಿಂತ ದಿಟ್ಟ ನಿರ್ಧಾರ ಇನ್ನೊಂದು: ಊರೊಳಗೆ ಕಾರು ಬೇಡ. ಫ್ರಾನ್ಸ್‌ನ ಮಧ್ಯಮ ವರ್ಗ ಹೊಸದಾಗಿ ಕಾರು ಕೊಂಡು ಹಿಗ್ಗುತ್ತಿದ್ದ ಅರವತ್ತರ ದಶಕದಲ್ಲಿ, ಕಾರನ್ನು ಊರಾಚೆ ಬಿಟ್ಟು ಬನ್ನಿ ಎಂದು ಹೇಳಲು ಧೈರ್ಯ ಬೇಕಿತ್ತು. ಇವತ್ತಿಗೂ ಅಲ್ಲಿ ಚಳಿಗಾಲದಲ್ಲಿ ಬೀದಿಯ ಹಿಮವನ್ನು ಬಳಿದು ತೆಗೆಯದೆ ಹಾಗೇ ಉಳಿಸುತ್ತಾರೆ. ಸಾಮಾನು ಸಾಗಿಸಲು ಕುದುರೆ ಎಳೆಯುವ ಜಾರುಬಂಡಿಗಳಿವೆ. ಮಕ್ಕಳು ಮನೆ ಬಾಗಿಲಲ್ಲೇ ಸ್ಕೀ ಕಟ್ಟಿಕೊಳ್ಳುತ್ತಾರೆ. 1968ರ ಒಲಿಂಪಿಕ್ ಪದಕ ವಿಜೇತೆ ಆನಿ ಫಾಮೋಸ್ ಮಕ್ಕಳ ಸ್ಕೀ ಶಾಲೆ ಕಟ್ಟಲು ಇದೇ ಊರನ್ನು ಆರಿಸಿಕೊಂಡರು.

ಗಡಿಯಾಚೆಯ ಸ್ವಿಸ್ ಊರುಗಳನ್ನೂ ಫ್ರೆಂಚ್ ಊರುಗಳನ್ನೂ ಒಂದೇ ಸ್ಕೀ ಜಾಲವಾಗಿ ಬೆಸೆಯುವ ಕೆಲಸಕ್ಕೂ ವುವಾರ್ನೆ ಮುಂದಾದರು. ಅದೇ ‘ಪೋರ್ತ್ ದ್ಯು ಸೊಲೇಯ್’, ಅಂದರೆ ಸೂರ್ಯನ ಬಾಗಿಲುಗಳು. ಇಂದು ಅದರಲ್ಲಿ ಹನ್ನೆರಡು ಊರುಗಳಿವೆ, ಸುಮಾರು 600 ಕಿಲೋಮೀಟರ್ ಜಾರುದಾರಿಗಳಿವೆ. ಬೆಳಿಗ್ಗೆ ಫ್ರಾನ್ಸ್‌ನಲ್ಲಿ ಹೊರಟು ಸ್ವಿಟ್ಜರ್ಲೆಂಡ್‌ನಲ್ಲಿ ಊಟ ಮಾಡಿ ಸಂಜೆ ಜಾರುತ್ತಲೇ ಮನೆ ಸೇರಬಹುದು.

ತರಬೇತುದಾರರೂ ಆಗಿದ್ದರಂತೆ?

ಹೌದು, ಅದೂ ಪಕ್ಕದ ದೇಶಕ್ಕೆ. 1968ರಿಂದ 1972ರವರೆಗೆ ಇಟಲಿ ತಂಡದ ಹೊಣೆ ಅವರದ್ದು. ಆ ಅವಧಿಯಲ್ಲೇ ಗುಸ್ತಾವ್ ಥೋನಿ ಎಂಬ ಹುಡುಗ 1971 ಮತ್ತು 1972ರ ವಿಶ್ವಕಪ್ ಕಿರೀಟಗಳನ್ನೂ 1972ರ ಸಪ್ಪೋರೊ ಒಲಿಂಪಿಕ್ಸ್‌ನಲ್ಲಿ ಜೈಂಟ್ ಸ್ಲಾಲಮ್ ಚಿನ್ನವನ್ನೂ ಗೆದ್ದ. ಎಪ್ಪತ್ತರ ದಶಕದಲ್ಲಿ ಇಟಲಿ ತಂಡವನ್ನು ‘ನೀಲಿ ಹಿಮಪಾತ’ ಎಂದು ಕರೆಯುವಂತಾಯಿತು. ಅದಕ್ಕೆ ಬುನಾದಿ ಹಾಕಿದವರಲ್ಲಿ ವುವಾರ್ನೆ ಒಬ್ಬರು.

ಝಾನ್ ಕ್ಲೋದ್ ಕಿಲಿ ಅವರಷ್ಟು ದೊಡ್ಡ ಆಟಗಾರರೇ?

ಪದಕ ಎಣಿಸಿದರೆ ಅಲ್ಲ. ಕಿಲಿ 1968ರಲ್ಲಿ ಒಂದೇ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದವರು. ಪುರುಷರ ಡೌನ್‌ಹಿಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಫ್ರೆಂಚರ ಸಾಲು ಹೀಗಿದೆ: 1948ರಲ್ಲಿ ಆನ್ರಿ ಒರೆಯೆ, 1960ರಲ್ಲಿ ವುವಾರ್ನೆ, 1968ರಲ್ಲಿ ಕಿಲಿ, 1998ರಲ್ಲಿ ಝಾನ್ ಲ್ಯುಕ್ ಕ್ರೆತಿಯೆ, 2006ರಲ್ಲಿ ಆಂತ್ವಾನ್ ದೆನೆರಿಯಾ. ವುವಾರ್ನೆ ನಂತರದ ಮೂವರೂ ಮೊಟ್ಟೆಯ ಭಂಗಿಯಲ್ಲೇ ಇಳಿದರು.

ಅವರ ಕುಟುಂಬದ ಬಗ್ಗೆ ಹೇಳಿ.

ಪತ್ನಿ ಎಡಿತ್ ಬೊನ್ಲಿಯು, ಅವರೂ ಫ್ರೆಂಚ್ ತಂಡದ ಸ್ಕೀ ಸ್ಪರ್ಧಿ. ಮೂವರು ಗಂಡುಮಕ್ಕಳು: ಅಲೆನ್, ಪಿಯೆರ್, ಪ್ಯಾಟ್ರಿಕ್. ಎಡಿತ್ ಅವರನ್ನು ಬರೀ ‘ಚಾಂಪಿಯನ್ನರ ಹೆಂಡತಿ’ ಎಂದೋ, ಇನ್ನೂ ಕೆಟ್ಟದಾಗಿ ‘ಆ ಪಂಥಕ್ಕೆ ಬಲಿಯಾದವಳು’ ಎಂದೋ ಒಂದು ಸಾಲಿನಲ್ಲಿ ಮುಗಿಸುವ ಬರಹಗಳನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ದೇಶದ ಪರವಾಗಿ ಬೆಟ್ಟದ ತುದಿಯಲ್ಲಿ ನಿಂತು ಇಳಿದ ಹೆಣ್ಣುಮಗಳು ಆಕೆ.

1995ರಲ್ಲಿ ಏನಾಯಿತು?

‘ಸೂರ್ಯ ದೇಗುಲದ ಪಂಥ’ ಎಂಬ ಅರ್ಥದ ಹೆಸರಿನ ಗುಂಪೊಂದು 1984ರಲ್ಲಿ ಜಿನೀವಾದಲ್ಲಿ ಹುಟ್ಟಿತು. ನಡೆಸುತ್ತಿದ್ದವರು ಜೋಸೆಫ್ ದಿ ಮಾಂಬ್ರೋ ಮತ್ತು ಬೆಲ್ಜಿಯಂನ ಹೋಮಿಯೋಪಥಿ ವೈದ್ಯ ಲ್ಯುಕ್ ಝುರೆ. ಆರೋಗ್ಯ, ಪ್ರಕೃತಿ, ಅಧ್ಯಾತ್ಮ ಎಂದು ಉಪನ್ಯಾಸ ಕೊಡುತ್ತ ಝುರೆ ಜನರನ್ನು ಸೆಳೆಯುತ್ತಿದ್ದ. ಸೇರಿದವರಲ್ಲಿ ಓದಿದವರು, ಉದ್ಯೋಗಸ್ಥರು, ಅನುಕೂಲಸ್ಥರು ಇದ್ದರು. ಎಡಿತ್ ಮತ್ತು ಕಿರಿಯ ಮಗ ಪ್ಯಾಟ್ರಿಕ್ ಕೂಡ ಅದರೊಳಗೆ ಹೋದರು.

1994ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಕೆನಡಾದ ಕ್ವಿಬೆಕ್‌ನಲ್ಲಿ ಆ ಗುಂಪಿಗೆ ಸಂಬಂಧಿಸಿದ 53 ಜನ ಸತ್ತರು. ಝುರೆ, ದಿ ಮಾಂಬ್ರೋ ಇಬ್ಬರೂ ಅದರಲ್ಲಿ ಸೇರಿದ್ದರು. ಮುಖ್ಯಸ್ಥರೇ ಹೋದ ಮೇಲೆ ಪಂಥವೂ ಮುಗಿಯಿತು ಎಂದು ಹೊರಗಿನವರು ಭಾವಿಸಿದರು. ಮುಗಿದಿರಲಿಲ್ಲ. 1995ರ ಡಿಸೆಂಬರ್ ನಡುವಿನಲ್ಲಿ ಹದಿನಾರು ಜನ ಕಾಣೆಯಾದರು. ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಗ್ರೆನೋಬಲ್‌ಗೆ ಹತ್ತಿರದ ವೆರ್ಕೋರ್ ಬೆಟ್ಟಸಾಲಿನ ಕಾಡಿನಲ್ಲಿ ಅವರ ಸುಟ್ಟ ದೇಹಗಳು ಸಿಕ್ಕವು. ಅವರಲ್ಲಿ ಮೂವರು ಮಕ್ಕಳು. ಎಡಿತ್ ಇದ್ದರು. 27 ವರ್ಷದ ಪ್ಯಾಟ್ರಿಕ್ ಇದ್ದರು. ಝಾನ್ ವುವಾರ್ನೆ ಓದಿದ, ಮೊಟ್ಟೆಯ ಭಂಗಿ ಕಲಿತ ಊರಿಗೆ ಹತ್ತಿರದಲ್ಲೇ ಅವರ ಮನೆಯ ಇಬ್ಬರು ಇಲ್ಲವಾದರು.

ಅದು ಸಾಮೂಹಿಕ ಆತ್ಮಹತ್ಯೆಯೇ?

ಬಹಳ ಕಡೆ ಹಾಗೆ ಬರೆಯುತ್ತಾರೆ. ಆ ಪದ ತಪ್ಪು. ಇಬ್ಬರು ಸದಸ್ಯರು ಉಳಿದ ಹದಿನಾಲ್ಕು ಮಂದಿಗೆ ಗುಂಡಿಕ್ಕಿ, ಆಮೇಲೆ ತಾವೂ ಸತ್ತರು ಎಂಬುದು ಅಧಿಕೃತ ತನಿಖೆಯ ತೀರ್ಮಾನ. ಹದಿನಾರರಲ್ಲಿ ಮೂವರು ಮಕ್ಕಳು. ಮಕ್ಕಳು ಸಾವನ್ನು ಆರಿಸಿಕೊಂಡರು ಎಂದು ಬರೆಯಲು ಯಾರಿಗೂ ಹಕ್ಕಿಲ್ಲ.

ವುವಾರ್ನೆ 1996ರಲ್ಲಿ ಒಂದು ಪುಸ್ತಕ ಬರೆದರು. ನನ್ನ ಹೆಂಡತಿಯನ್ನೂ ಮಗನನ್ನೂ ಕೊಂದವರಿಗೆ ಪತ್ರ ಎಂಬುದು ಅದರ ಹೆಸರಿನ ಅರ್ಥ. ‘ಕೊಂದವರಿಗೆ’ ಎಂಬ ಆ ಒಂದು ಪದವನ್ನು ಅವರು ಯೋಚಿಸಿಯೇ ಇಟ್ಟಿದ್ದಾರೆ. ಅವರನ್ನು ಉಲ್ಲೇಖಿಸಿ ಬರೆಯುವವರು ಅಷ್ಟಾದರೂ ಗೌರವ ಕೊಡಬೇಕು.

ಯಾರಿಗಾದರೂ ಶಿಕ್ಷೆಯಾಯಿತೇ?

ಇಲ್ಲ. ಪಂಥದೊಂದಿಗೆ ನಂಟಿದ್ದ ವಾದ್ಯವೃಂದ ನಿರ್ದೇಶಕ ಮಿಶೆಲ್ ತಬಾಶ್ನಿಕ್ ಅವರ ಮೇಲೆ ಗ್ರೆನೋಬಲ್‌ನಲ್ಲಿ ವಿಚಾರಣೆ ನಡೆಯಿತು. 2001ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು, ಮೇಲ್ಮನವಿಯಲ್ಲೂ 2006ರಲ್ಲಿ ಅದೇ ತೀರ್ಪು ಬಂತು. ಸತ್ತವರ ಬಂಧುಗಳಲ್ಲಿ ಕೆಲವರು ಅಧಿಕೃತ ತೀರ್ಮಾನವನ್ನು ಒಪ್ಪಲಿಲ್ಲ. ಕಾಡಿನಲ್ಲಿ ಹೊರಗಿನವರೂ ಇದ್ದಿರಬೇಕು, ತನಿಖೆ ಇನ್ನೂ ಆಳಕ್ಕೆ ಹೋಗಬೇಕು ಎಂದು ಅವರು ವರ್ಷಗಟ್ಟಲೆ ಹೋರಾಡಿದರು. ಮುಂದೆ ನಿಂತವರು ಹಿರಿಯ ಮಗ ಅಲೆನ್. ಅವರ ವಾದಕ್ಕೆ ನ್ಯಾಯಾಲಯದ ಮುದ್ರೆ ಬೀಳಲಿಲ್ಲ. ಆದರೆ ತಾಯಿ, ತಮ್ಮ ಇಬ್ಬರ ಸಾವನ್ನು ಕಡತದೊಳಗೆ ಮಡಚಿಡಲು ಬಿಡದೆ ಹಿಡಿದು ನಿಂತದ್ದು ಸಣ್ಣ ಮಾತಲ್ಲ. ಮನೆತನದ ಬಳುವಳಿ ಎಂದರೆ ನನಗೆ ಕನ್ನಡಕಕ್ಕಿಂತ ಮೊದಲು ಇದು ನೆನಪಾಗುತ್ತದೆ.

ಈ ಘಟನೆಯಿಂದ ಫ್ರಾನ್ಸ್‌ನಲ್ಲಿ ಏನಾದರೂ ಬದಲಾಯಿತೇ?

2001ರ ಜೂನ್‌ನಲ್ಲಿ ಫ್ರಾನ್ಸ್ ಹೊಸ ಕಾನೂನು ತಂದಿತು. ಮಾನಸಿಕವಾಗಿ ಅಧೀನರಾದವರ ದುರ್ಬಲ ಸ್ಥಿತಿಯನ್ನು ದುರುಪಯೋಗ ಮಾಡಿಕೊಳ್ಳುವುದು ಅದರಿಂದ ಸ್ಪಷ್ಟವಾಗಿ ಅಪರಾಧವಾಯಿತು. ಆ ಕಾನೂನಿನ ಹಿಂದಿದ್ದ ಜನರ ಆತಂಕದಲ್ಲಿ ವೆರ್ಕೋರ್ ಕಾಡಿನ ನೆನಪಿಗೂ ಪಾಲಿತ್ತು.

ಓದಿದವರು ಹೇಗೆ ಇಂಥದಕ್ಕೆ ಬಿದ್ದರು ಎಂದು ಅನೇಕರು ಕೇಳುತ್ತಾರೆ. ಯಾರೂ ಸಾವಿನ ಗುಂಪಿಗೆಂದು ಸೇರುವುದಿಲ್ಲ. ಬೆನ್ನುನೋವಿಗೆ ಔಷಧ ಕೇಳಲು, ಒಳ್ಳೆಯ ಮಾತು ಕೇಳಲು, ಒಂಟಿತನ ಕಳೆಯಲು ಸೇರುತ್ತಾರೆ. ಬಾಗಿಲು ಮುಚ್ಚಿಕೊಳ್ಳುವುದು ನಿಧಾನವಾಗಿ.

ಝಾನ್ ವುವಾರ್ನೆ ಯಾವಾಗ ತೀರಿಕೊಂಡರು?

2017ರ ಜನವರಿ 2ರಂದು, ಮೋಂ ಬ್ಲಾಂ ಪರ್ವತದ ತಪ್ಪಲಿನ ಸಲಾಂಶ್ ಪಟ್ಟಣದಲ್ಲಿ. 84 ತುಂಬಲು ಹದಿನಾರು ದಿನ ಬಾಕಿಯಿತ್ತು.

ಅವರ ಗುರುತನ್ನು ಇಂದು ಎಲ್ಲಿ ನೋಡಬಹುದು?

ಆಲ್ಪ್ಸ್‌ಗೆ ಹೋಗುವವರಾದರೆ ಜಿನೀವಾ ವಿಮಾನ ನಿಲ್ದಾಣದಿಂದ ಮೋರ್ಝಿನ್ ರಸ್ತೆ ಹಿಡಿಯಿರಿ. ಕೆಳಗಿನ ಪ್ರೊದೆಂ ಎಂಬಲ್ಲಿಂದ ಕೇಬಲ್ ಕಾರ್ ಹತ್ತಿದರೆ ಅವೋರಿಯಾ. ಲಾಬ್ರೋ ನಕ್ಷೆ ಬರೆದ ಮೊದಲ ಕಟ್ಟಡ, ದ್ರೋಮೋಂ ಹೋಟೆಲು, ಇಂದಿಗೂ ಅಲ್ಲಿ ನಿಂತಿದೆ.

ಅಷ್ಟು ದೂರ ಹೋಗಲಾಗದಿದ್ದರೆ ಜನವರಿಯಲ್ಲಿ ಟಿವಿ ಹಚ್ಚಿ, ಆಸ್ಟ್ರಿಯಾದ ಕಿಟ್ಸ್‌ಬ್ಯುಲ್‌ನಲ್ಲಿಯೋ ಸ್ವಿಟ್ಜರ್ಲೆಂಡ್‌ನ ವೆಂಗೆನ್‌ನಲ್ಲಿಯೋ ನಡೆಯುವ ಡೌನ್‌ಹಿಲ್ ನೋಡಿ. ತಿರುವು ಮುಗಿದು ನೇರ ಇಳಿಜಾರು ಬರುತ್ತಿದ್ದಂತೆ ಪ್ರತಿಯೊಬ್ಬ ಸ್ಪರ್ಧಿಯೂ, ಯಾವ ದೇಶದವರೇ ಆಗಲಿ, ಎದೆಯನ್ನು ತೊಡೆಗೆ ತಂದು, ಕೈಗಳನ್ನು ಮುಖದ ಮುಂದೆ ಚಾಚಿ, ಬೆನ್ನನ್ನು ಚಪ್ಪಟೆ ಮಾಡುತ್ತಾರೆ.